ಮಾತಾಡದೆ ತಂದ ತಂಗಡಿ ಹೂವು

ಇಸವಿ ತೊಂಬತ್ತಮೂರು, ದೀಪಾವಳಿಯ ಪಾಡ್ಯಮಿ, ಬೆಳಗಿನ ಐದು ಗಂಟೆ. ನಡುಮನೆಯಲ್ಲಿ ಎದ್ದು ಕೂತಿದ್ದವರು ಅಜ್ಜಿ, ಅವ್ವ, ರಾಯದುರ್ಗದಿಂದ ಬಂದಿದ್ದ ಅತ್ತೆ ಮತ್ತು ಮಾವ. ಕೌದಿಯೊಳಗೆ ಮಲಗಿದ್ದವಳು ನನ್ನ ತಂಗಿ ಸುನಂದ. ಅವಳಿಗೆ ಇನ್ನೂ ಐದು ತುಂಬಿರಲಿಲ್ಲ. ತಲೆಗೆ ನೀರು ಹಾಕಿಕೊಂಡು, ಬಿದಿರ ಬುಟ್ಟಿ ಹಿಡಿದು ಹೊಸ್ತಿಲ ಹತ್ತಿರ ನಿಂತಿದ್ದವಳು ನಾನು, ಹತ್ತು ವರ್ಷದ ನಾಗವೇಣಿ. ಅಪ್ಪ ಇರಲಿಲ್ಲ. ಕುರಿ ಹೊಡೆದುಕೊಂಡು ಆಗಲೇ ಹೋಗಿದ್ದ. ಹೊತ್ತೇರುವ ಮೊದಲು ಸುನಂದಳನ್ನು ಅತ್ತೆಯ ಜೊತೆ ಕಳಿಸುವುದೆಂದು ಅಲ್ಲಿ ಕೂತಿದ್ದವರಿಗೆಲ್ಲ ಗೊತ್ತಿತ್ತು. ಹಬ್ಬಕ್ಕೆ ನಾಲ್ಕು ದಿನ ಕರೆದೊಯ್ಯುವುದಲ್ಲ, ಮಗಳಾಗಿ ಕೊಟ್ಟುಬಿಡುವುದು. ನನಗೆ ಹೇಳಿರಲಿಲ್ಲ. ನಾನು ತಂಗಡಿ ಹೂವು ತರಲು ಗುಡ್ಡಕ್ಕೆ ಹೊರಟಿದ್ದೆ.

ನಮ್ಮದು ಮೊಳಕಾಲ್ಮೂರು ತಾಲ್ಲೂಕಿನಲ್ಲಿ ದೇವಸಮುದ್ರದ ಕಡೆಯ ಹಳ್ಳಿ. ಊರ ಬೆನ್ನಿಗೆ ಕರಡಿಗುಡ್ಡ, ಎದುರಿಗೆ ಶೇಂಗಾದ ಹೊಲ, ನಡುವೆ ಮಣ್ಣಿನ ಮಾಳಿಗೆಯ ನಮ್ಮ ಮನೆ. ಬಾಗಿಲು ದಾಟಿದರೆ ಎಡಕ್ಕೆ ಎತ್ತುಗಳ ಗೋದಲಿ, ಬಲಕ್ಕೆ ನೀರಿನ ಗಡಿಗೆಗಳ ಸಾಲು, ಮುಂದೆ ನಡುಮನೆ, ಅದರ ಹಿಂದೆ ಹೊಗೆ ಕಟ್ಟಿದ ಅಡುಗೆಕೋಣೆ, ಹಿತ್ತಲಲ್ಲಿ ಕುರಿ ರೊಪ್ಪ ಮತ್ತು ತಿಪ್ಪೆ. ಇಷ್ಟಕ್ಕೂ ಅಜ್ಜಿಯದೇ ಆಡಳಿತ. ಅಪ್ಪನ ತಾಯಿ ಅವಳು. ಯಾರು ಮೊದಲು ಏಳಬೇಕು, ಯಾರು ಬೋರಿಂಗಿಗೆ ಹೋಗಬೇಕು, ಯಾವ ಗಡಿಗೆಯ ನೀರು ಕುಡಿಯಲಿಕ್ಕೆ, ಯಾವುದು ಮುಸುರೆಗೆ, ಎಲ್ಲಕ್ಕೂ ಕ್ರಮವಿತ್ತು. ಗೋಡೆಯ ಹಲಗೆಯ ಮೇಲೆ ಸ್ಟೀಲಿನ ತಟ್ಟೆಗಳು ಅಂಚಿನಲ್ಲಿ ಹೆಸರು ಕೆತ್ತಿಸಿಕೊಂಡು ವಯಸ್ಸಿನ ಪ್ರಕಾರ ನಿಂತಿರುತ್ತಿದ್ದವು. ಒಬ್ಬರ ತಟ್ಟೆಯಲ್ಲಿ ಇನ್ನೊಬ್ಬರು ಉಂಡರೆ ಅಜ್ಜಿ ತೊಳೆಸಿ ಮತ್ತೆ ಬಡಿಸುತ್ತಿದ್ದಳು. ಮುದ್ದೆ ಮೊದಲು ಬೀಳುವುದು ಮನೆಯ ಕಿರಿಯ ಕೂಸಿನ ತಟ್ಟೆಗೆ, ಕೊನೆಗೆ ಅಜ್ಜಿಯ ತಟ್ಟೆಗೆ. ಊರಿನ ಬೇರೆ ಮಕ್ಕಳು ಇದನ್ನು ನೋಡಿ ನಗುತ್ತಿದ್ದರು. ನನಗೆ ಇದು ಬಹಳ ಹಿಡಿಸಿತ್ತು. ಯಾವ ಹೊತ್ತಿಗೆ ಏನು ಆಗುತ್ತದೆಂದು ಮೊದಲೇ ಗೊತ್ತಿರುವ ಮನೆಯಲ್ಲಿ ಮಗುವಿಗೆ ಭಯವಿರುವುದಿಲ್ಲ. ಆಮೇಲೆ ಚಳ್ಳಕೆರೆಯಲ್ಲಿ ಹೆಣ್ಣುಮಕ್ಕಳ ಹಾಸ್ಟೆಲೊಂದರ ಮೇಲ್ವಿಚಾರಕಿಯಾಗಿ ನಾನು ಬಾರಿಸಿದ ಗಂಟೆಗಳೆಲ್ಲ ಅಜ್ಜಿಯ ಮನೆಯಿಂದ ಬಂದವೇ.

ಅಜ್ಜಿಯ ಕ್ರಮಗಳಲ್ಲಿ ದೊಡ್ಡದು ತಂಗಡಿ ಹೂವಿನದು. ಬೇರೆ ಕಡೆ ಇದನ್ನು ಆವರಿಕೆ ಎನ್ನುತ್ತಾರೆ, ರಾಯದುರ್ಗದ ಅತ್ತೆ ಮನೆಯವರು ತಂಗೇಡು ಎನ್ನುತ್ತಿದ್ದರು. ಸೊಂಟದೆತ್ತರದ ಪೊದೆ. ಮಳೆ ಬಂದರೂ ಬರದಿದ್ದರೂ ಹಸಿರಾಗಿರುತ್ತದೆ. ಕುರಿ ಮೇಕೆ ಬಾಯಿ ಹಾಕುವುದಿಲ್ಲ. ಕಡಿದರೆ ಬುಡದಿಂದ ಮತ್ತೆ ಚಿಗುರುತ್ತದೆ. ತೆಳ್ಳನೆಯ ಚಪ್ಪಟೆ ಕಾಯಿ ಒಣಗಿ ಗಾಳಿಗೆ ಗಲಗಲ ಎನ್ನುತ್ತದೆ. ನಮ್ಮ ಮನೆಯಲ್ಲಿ ಅದು ಬೇಡವಾದ ದಿನವೇ ಇರಲಿಲ್ಲ. ಅದರ ಕಡ್ಡಿಯಲ್ಲಿ ಹಲ್ಲುಜ್ಜುತ್ತಿದ್ದೆವು, ಎಲೆ ಅರೆದು ತಲೆಗೆ ಹಚ್ಚಿಕೊಳ್ಳುತ್ತಿದ್ದೆವು, ಬಿಸಿಲಿನ ದಿನ ಅಪ್ಪ ಸೊಪ್ಪನ್ನು ರುಮಾಲಿನೊಳಗೆ ಇಟ್ಟು ಸುತ್ತಿಕೊಂಡು ಕುರಿ ಹಿಂದೆ ಹೋಗುತ್ತಿದ್ದ. ಆದರೆ ಪಾಡ್ಯಮಿಯ ಹೂವು ಹೊಲದ ಬದುವಿನ ಗಿಡದ್ದಾಗುವಂತಿರಲಿಲ್ಲ. ಗುಡ್ಡದ ಮೇಲಿನ ಬಂಡೆಯ ಬಿರುಕಿನಲ್ಲಿ ಹುಟ್ಟಿದ ಗಿಡದ್ದೇ ಬೇಕಿತ್ತು. ಯಾಕೆಂದು ಒಮ್ಮೆ ಕೇಳಿದ್ದೆ.

"ಮಣ್ಣಾಗಿಂದು ಸುಖದಾಗೆ ಬೆಳೆದದ್ದು ಕಣೆ. ಬಂಡೆಯಾಗಿಂದು ಯಾರ ಹಂಗೂ ಇಲ್ದೆ ಬೆಳೆದದ್ದು. ದೇವ್ರಿಗೆ ಅಂಥಾದ್ದು ಕೊಡ್ಬೇಕು," ಎಂದಿದ್ದಳು ಅಜ್ಜಿ.

ಪಾಡ್ಯಮಿಯ ದಿನ ಸಗಣಿಯನ್ನು ಗುಪ್ಪೆ ಗುಪ್ಪೆಯಾಗಿ ಮಾಡಿ ಹೊಸ್ತಿಲು, ಗೋದಲಿ, ಒಲೆ, ತಿಪ್ಪೆಗಳ ಮೇಲಿಟ್ಟು ಪೂಜಿಸುವುದು ನಮ್ಮ ಕಡೆಯ ಎಲ್ಲರ ಮನೆಯಲ್ಲೂ ಉಂಟು. ಆ ಗುಪ್ಪೆಗಳನ್ನು ನಾವು ಕೆರಕ ಎನ್ನುತ್ತಿದ್ದೆವು. ಅವುಗಳ ನೆತ್ತಿಗೆ ಹಳದಿ ಹೂವು ಸಿಗಿಸುವುದೂ ಎಲ್ಲರಲ್ಲೂ ಇದ್ದದ್ದೇ. ಆ ಹೂವನ್ನು ಮಾತಾಡದೆ ತರುವುದು ಮಾತ್ರ ನಮ್ಮ ಮನೆಯ ಪದ್ಧತಿ. ಮೈನೆರೆಯದ ಹುಡುಗಿ, ಮನೆಯ ಹಿರಿಯ ಮೊಮ್ಮಗಳು, ಬೆಳಕು ಹರಿಯುವ ಮುಂಚೆ ಏನೂ ತಿನ್ನದೆ ಹೋಗಬೇಕು. ಹೊಸ್ತಿಲು ದಾಟಿದ ಮೇಲೆ ಬಾಯಿ ಬಿಡುವಂತಿಲ್ಲ. ಹೂವು ತಂದವಳು ಮನೆಯೊಳಗೆ ಬರದೆ, ನೆಟ್ಟಗೆ ಹಿತ್ತಲಿನ ತಿಪ್ಪೆಗೆ ಹೋಗಿ ಅಲ್ಲಿನ ಕೆರಕಕ್ಕೆ ಮೊದಲ ಹೂವು ಸಿಗಿಸಬೇಕು. ಅಲ್ಲಿಯವರೆಗೆ ಅದನ್ನು ಯಾರೂ ಮುಡಿಯುವಂತಿಲ್ಲ, ಮೂಸುವಂತಿಲ್ಲ. ತಿಪ್ಪೆಯ ಹತ್ತಿರ ಹಾಲಿನ ತಂಬಿಗೆ ಹಿಡಿದು ನಿಂತ ಅಜ್ಜಿ "ಮಾತಾಡವ್ವ ಮಗಳೆ" ಎಂದರೆ ಮಾತಾಡಲು ಅಪ್ಪಣೆ ಸಿಕ್ಕಂತೆ. ಅವಳು ಹೇಳುವ ತನಕ ಇಲ್ಲ. ನಡುವೆ ಬಾಯಿ ಬಿಟ್ಟರೆ ಮನೆಯ ಕಿರಿಯ ಕೂಸಿಗೆ ಆಗಿಬರುವುದಿಲ್ಲ ಎಂಬ ನಂಬಿಕೆ. ಅಜ್ಜಿಯ ನಾದಿನಿಯೊಬ್ಬಳು ಗುಡ್ಡದಲ್ಲಿ ಚೇಳು ಕಂಡು ಕಿಟಾರನೆ ಕೂಗಿದ್ದಳಂತೆ. ಆಗ ತೊಟ್ಟಿಲಲ್ಲಿದ್ದ ಕೂಸು ಸಂಕ್ರಾಂತಿ ಕಾಣಲಿಲ್ಲವಂತೆ. ಈ ಕಥೆಯನ್ನು ಅಜ್ಜಿ ಹೇಳುವಾಗ ಸುನಂದ ನನ್ನ ತೊಡೆಯ ಮೇಲೆ ಕೂತು ಬಾಯಿ ತೆರೆದು ಕೇಳುತ್ತಿದ್ದಳು, ಆ ಕಿರಿಯ ಕೂಸು ತಾನೇ ಎಂದು ಗೊತ್ತಿಲ್ಲದೆ. ನನಗೆ ಗೊತ್ತಿತ್ತು. ಹಾಗಾಗಿ ಅದರ ಹಿಂದಿನ ಎರಡು ವರ್ಷ ಹೂವಿಗೆ ಹೋದಾಗ ಕೆಮ್ಮು ಬಂದರೂ ಲಂಗದ ಅಂಚು ಬಾಯಿಗಿಟ್ಟುಕೊಂಡಿದ್ದೆ.

ಅಂಥ ಅಜ್ಜಿಯ ಮನೆಯಲ್ಲಿ ಆ ಹಬ್ಬದ ವಾರ ಎಲ್ಲವೂ ಸ್ವಲ್ಪ ಸ್ವಲ್ಪ ಹಳಿ ತಪ್ಪಿತ್ತು. ಅತ್ತೆ ಮಾವ ಹಬ್ಬದ ಮಾರನೇ ದಿನ ಬರುವವರು ಈ ಸಲ ಮೊದಲೇ ಬಂದಿದ್ದರು. ಅತ್ತೆ ಎಂದರೆ ಅಪ್ಪನ ತಂಗಿ, ಅಜ್ಜಿಯ ಒಬ್ಬಳೇ ಮಗಳು. ಮದುವೆಯಾಗಿ ಬಹಳ ವರ್ಷವಾಗಿದ್ದರೂ ಮಕ್ಕಳಾಗಿರಲಿಲ್ಲ. ಮಾವ ರಾಯದುರ್ಗದಲ್ಲಿ ಬಟ್ಟೆ ಹೊಲಿಸುವ ಕೆಲಸ ಇಟ್ಟುಕೊಂಡಿದ್ದ. ಮನೆಮಾತು ತೆಲುಗು, ನಮ್ಮೊಂದಿಗೆ ಎರಡನ್ನೂ ಕಲಸಿ ಆಡುತ್ತಿದ್ದ. ಒಳ್ಳೆಯವನೇ. ಸುನಂದಳಿಗೆ ಕೆಂಪು ಫ್ರಾಕು ತಂದಿದ್ದ, ನನಗೆ ರಿಬ್ಬನ್ನು. ಮಲಗುವಾಗ ನನ್ನ ಪಕ್ಕಕ್ಕೆ ಉರುಳುತ್ತಿದ್ದ ಸುನಂದಳನ್ನು ಅತ್ತೆ ತನ್ನ ಕೌದಿಗೆ ಎಳೆದುಕೊಳ್ಳುತ್ತಿದ್ದಳು. ಅವ್ವ ಹೋಳಿಗೆಗೆ ಬೇಳೆ ಬೇಯಿಸಲು ಇಟ್ಟು ಮರೆತು ತಳ ಹಿಡಿಸಿದಳು, ಅಜ್ಜಿ ಬೈಯಲಿಲ್ಲ. ಅದು ನನಗೆ ವಿಚಿತ್ರವಾಗಿ ಕಂಡಿತ್ತು. ಅಜ್ಜಿ ಬೈಯದೆ ಬಿಟ್ಟ ಪಾತ್ರೆ ಆ ಮನೆಯಲ್ಲಿ ಅದೊಂದೇ.

ಆ ವರ್ಷ ಹೂವಿಗೆ ಸುನಂದಳನ್ನೂ ಕರೆದೊಯ್ಯುತ್ತೇನೆಂದು ನಾನು ಮಾತು ಕೊಟ್ಟಿದ್ದೆ. ಅವಳು ವಾರದಿಂದ ತುಟಿ ಬಿಗಿಹಿಡಿದು ಮನೆಯೊಳಗೆ ಸುತ್ತಿ ಅಭ್ಯಾಸ ಮಾಡಿದ್ದಳು. ಗೋದಲಿಯಿಂದ ಒಲೆಯ ತನಕ ಹೋಗುವಷ್ಟರಲ್ಲಿ ನಗು ಬಂದು ಸೋಲುತ್ತಿದ್ದಳು. ಆ ಬೆಳಗ್ಗೆ ಎಬ್ಬಿಸಲು ಬಗ್ಗಿದೆ. ಅಜ್ಜಿ ನನ್ನ ತೋಳು ಹಿಡಿದಳು.

"ಬ್ಯಾಡ, ಮಲಗ್ಲಿ ಬಿಡು. ಮಂಜು ಬಿದ್ದೈತೆ, ನೆಗಡಿ ಆಗ್ತದೆ."

"ಕರ್ಕೊಂಡು ಹೋಗ್ತೀನಿ ಅಂದಿದೀನಜ್ಜಿ. ಎದ್ದು ಅಳ್ತಾಳೆ."

"ಅಳಲ್ಲ. ನಾನು ನೋಡ್ಕೋತೀನಿ. ಮುಂದ್ಲ ವರ್ಷ ಕರ್ಕೊಂಡು ಹೋಗು. ಹೊತ್ತಾಗ್ತದೆ, ದಾಟು ಹೊಸ್ತಿಲು."

ಮುಂದಿನ ವರ್ಷ ಎಂದಳು. ಆ ಮಾತನ್ನು ನಾನು ಆಮೇಲೆ ಎಷ್ಟು ಸಲ ತಿರುವಿ ನೋಡಿದ್ದೇನೋ. ನೆಪದ ಮಾತು ಹುಡುಕುವವಳಲ್ಲ ಅಜ್ಜಿ. ಸುಳ್ಳು ಹೇಳಿದ್ದನ್ನು ನಾನು ಅಲ್ಲಿಯವರೆಗೆ ಕಂಡಿರಲಿಲ್ಲ. ನಾನು ದಾಟಿದೆ.

ಗುಡ್ಡದ ಮೇಲೆ ತಂಗಡಿಯ ಎಲೆಗಳು ಇನ್ನೂ ಜೋಡಿ ಜೋಡಿಯಾಗಿ ಮಡಚಿಕೊಂಡು ನಿದ್ದೆಯಲ್ಲಿದ್ದವು. ಹೂವುಗಳು ಮಾತ್ರ ಎಚ್ಚರವಾಗಿದ್ದವು. ಆ ಮಬ್ಬಿನಲ್ಲಿ ಬಂಡೆ ಕಾಣುವ ಮೊದಲು ಹಳದಿ ಕಾಣುತ್ತಿತ್ತು. ನಾವು ಪ್ರತಿ ವರ್ಷ ಮುರಿಯುವ ಗಿಡ ಎರಡು ಹಾಸುಬಂಡೆಗಳ ನಡುವೆ ಇತ್ತು. ಅಂಗೈ ಹಿಡಿಸದಷ್ಟು ಸಂದು, ಅದರೊಳಗಿಂದ ತೊಡೆಗಾತ್ರದ ಗಂಟುಬುಡ. ಬೇರು ಎಲ್ಲಿಗೆ ಹೋಗಿದೆಯೆಂದು ಯಾರಿಗೂ ತಿಳಿಯದು. ಅಜ್ಜಿ ಮದುವೆಯಾಗಿ ಬಂದಾಗಲೂ ಅದು ಅಷ್ಟೇ ದೊಡ್ಡದಿತ್ತಂತೆ. ಬೇರು ಅಲುಗದ ಹಾಗೆ, ತುದಿಯ ಕವಲುಗಳನ್ನಷ್ಟೇ ಚಿವುಟಬೇಕು. ಮೊಗ್ಗು ಬಿಡಬೇಕು, ಅರಳಿದ್ದು ಮಾತ್ರ ಬುಟ್ಟಿಗೆ. ಹಾಗೇ ಮಾಡಿದೆ. ಸುನಂದಳಿಗೆಂದು ಒಂದು ಒಣಗಿದ ಕಾಯಿಗೊಂಚಲನ್ನು ಬೇರೆಯಾಗಿ ಲಂಗದ ನಡುವಿಗೆ ಸಿಕ್ಕಿಸಿಕೊಂಡೆ. ಕಾಯಿಗೆ ಯಾವ ನಿಯಮವೂ ಇರಲಿಲ್ಲ. ಗಿಲಕಿ ಮಾಡಿ ಆಡಲಿ ಎಂದು. ಬಿಟ್ಟು ಬಂದದ್ದಕ್ಕೆ ಅದರಿಂದ ಸಮಾಧಾನ ಮಾಡಬಹುದೆಂದುಕೊಂಡೆ.

ಇಳಿಯುವಾಗ ಅರ್ಧ ದಾರಿಯಲ್ಲಿ ಓಬಣ್ಣ ಎದುರಾದ. ನಮ್ಮ ಪಕ್ಕದ ಮನೆಯ ಕುರಿಗಾಹಿ, ಅಪ್ಪನ ಜೊತೆಗಾರ. ವರ್ಷವೂ ನನ್ನನ್ನು ಮಾತಾಡಿಸಿ ಸೋಲಿಸುವುದು ಅವನ ಆಟ.

"ಏನ್ ನಾಗಮ್ಮನೋರೆ, ಬಾಯಿಗೆ ಬೀಗ ಬಿತ್ತಾ? ಕೀಲಿಕೈ ನಿಮ್ಮಜ್ಜಿ ಸೊಂಟದಾಗೈತಾ?"

ನಾನು ಬುಟ್ಟಿ ಇನ್ನೊಂದು ಕೈಗೆ ಬದಲಿಸಿ ನಡೆದೆ.

"ನಿನ್ನ ಲಂಗದ ಮ್ಯಾಲೆ ಗೊದ್ದ ಹತ್ತೈತೆ ನೋಡೇ! ಏ, ಕಚ್ತದೆ!"

ನಾನು ನೋಡಲೂ ಇಲ್ಲ. ಓಬಣ್ಣ ನಗುತ್ತಾ ಎರಡು ಹೆಜ್ಜೆ ಜೊತೆಗೆ ಬಂದ. ಆಮೇಲೆ ಅವನ ನಗು ತಾನಾಗಿ ನಿಂತಿತು.

"ಬಿರ್ರನೆ ಹೋಗವ್ವ. ಚಿಕ್ಕದು ಹೊರಡೋ ಹೊತ್ತು. ಮುಖನಾದ್ರೂ ನೋಡೀಯಂತೆ," ಎಂದು ಹೇಳಿ, ಹೇಳಬಾರದ್ದನ್ನು ಹೇಳಿದವನಂತೆ ಕುರಿಗಳಿಗೆ ಹೋ ಹೋ ಎನ್ನುತ್ತ ಇಳಿಜಾರಿಗೆ ತಿರುಗಿಬಿಟ್ಟ.

ಹೊರಡುವುದೆಂದರೆ ಎಲ್ಲಿಗೆಂದು ಕೇಳಲು ನನಗೆ ಬಾಯಿರಲಿಲ್ಲ. ಓಡಿದೆ. ಹೂವು ಚೆಲ್ಲದ ಹಾಗೆ ಬುಟ್ಟಿಯ ಮೇಲೆ ಅಂಗೈ ಮುಚ್ಚಿಕೊಂಡು ಓಡಿದೆ.

ಅಜ್ಜಿ ಹಿತ್ತಲಿನ ತಿಪ್ಪೆಯ ಬಳಿ ಇರಬೇಕಾಗಿತ್ತು. ಇರಲಿಲ್ಲ. ತಂಬಿಗೆ ಹಿಡಿದು ಮುಂಬಾಗಿಲಲ್ಲಿ ನಿಂತಿದ್ದಳು. ನಾನು ಹಿತ್ತಲ ಕಡೆಗೆ ತಿರುಗುವಷ್ಟರಲ್ಲಿ ಕೈ ಅಡ್ಡ ಹಿಡಿದಳು.

"ಈ ಸಲ ಹೊಸ್ತಿಲು ಮೊದ್ಲು. ಆಮ್ಯಾಲೆ ಗೋದಲಿ, ಆಮ್ಯಾಲೆ ಒಲೆ. ತಿಪ್ಪೆ ಕಡೀಗೆ."

ಅವಳ ಬಾಯಿಂದ ಕ್ರಮ ಬದಲಾದದ್ದನ್ನು ನಾನು ಕೇಳಿದ್ದು ಅದೇ ಮೊದಲು. ತಿಪ್ಪೆ ಕೊನೆಗೆ ಎಂದರೆ ನನ್ನ ಮಾತೂ ಕೊನೆಗೆ. ಇಷ್ಟು ಅವತ್ತೇ, ಅಲ್ಲೇ ಹೊಳೆಯಿತು. ಯಾಕೆಂದು ಹೊಳೆಯಲಿಲ್ಲ. ನಾನು ಹೊಸ್ತಿಲ ಕೆರಕದ ಮುಂದೆ ಮಂಡಿಯೂರಿದೆ. ಒಳಗಿನಿಂದ ಅತ್ತೆ ಬಂದಳು, ಅವಳ ಕೈ ಹಿಡಿದು ಸುನಂದ. ಕೆಂಪು ಫ್ರಾಕು, ಎರಡು ಜಡೆ, ಕೆನ್ನೆಗೆ ದೃಷ್ಟಿಬೊಟ್ಟು. ಹಿಂದೆ ಮಾವ ಬಟ್ಟೆಯ ಗಂಟು ಹೊತ್ತಿದ್ದ. ಗಂಟಿನ ಬಾಯಲ್ಲಿ ಸ್ಟೀಲಿನ ತಟ್ಟೆಯ ಅಂಚು ಇಣುಕಿತ್ತು, ಅದರ ಮೇಲೆ ಸುನಂದಳ ಹೆಸರು. ನಾಲ್ಕು ದಿನಕ್ಕೆ ಹೋಗುವವರು ತಟ್ಟೆ ಒಯ್ಯುವುದಿಲ್ಲ.

ಸುನಂದ ನನ್ನನ್ನು ಕಂಡು ಕುಣಿದಳು.

"ಅಕ್ಕಾ, ನಾನು ಬಸ್ಸಿಗೆ ಹೋಗ್ತೀನಿ! ಕಿಟಕಿ ಹತ್ರ ಕೂರ್ತೀನಿ! ನೀನೂ ಬರ್ತೀಯಾ?"

ನಾನು ಅಜ್ಜಿಯ ಮುಖ ನೋಡಿದೆ. ಮಾತಾಡಲು ಬಿಡು ಎಂದು ಕಣ್ಣಲ್ಲೇ ಕೇಳಿದೆ. ಅವಳು ತಂಬಿಗೆಯ ಹಾಲನ್ನು ನೋಡುತ್ತಿದ್ದಳು.

"ಯಾಕಕ್ಕ ಮಾತಾಡಲ್ಲ? ನನ್ನ ಬಿಟ್ಟು ಹೋಗಿದ್ದಕ್ಕೆ ನಾನು ಸಿಟ್ಟು ಮಾಡ್ಬೇಕು, ನೀನ್ಯಾಕೆ ಮಾಡ್ತೀಯ? ನಂಗೊಂದು ಹೂವು ಕೊಡು."

ನಾನು ಬುಟ್ಟಿಯನ್ನು ಹಿಂದಕ್ಕೆ ಎಳೆದುಕೊಂಡೆ. ಪೂಜೆಯಾಗದ ಹೂವು ಅವಳಿಗೇ ಕೆಡುಕು. ಅವಳ ತುಟಿ ಕೆಳಗಾಯಿತು, ಅಳು ಬರುವುದರಲ್ಲಿತ್ತು. ಆಗ ಅಜ್ಜಿ ಬಗ್ಗಿ, ನನ್ನ ಬುಟ್ಟಿಗೆ ತಾನೇ ಕೈ ಹಾಕಿ, ಒಂದು ಅರಳಿದ ಕವಲನ್ನೆತ್ತಿ ಸುನಂದಳ ಜಡೆಗೆ ಸಿಗಿಸಿಬಿಟ್ಟಳು.

"ಆಯ್ತಾ? ನಗು ಈಗ. ಹೋಗಿ ಬಾ ನಮ್ಮವ್ವ."

ತಾನು ಕಲಿಸಿದ ಶಿಸ್ತನ್ನು ನನ್ನ ಕಣ್ಣೆದುರಿಗೇ ಅಷ್ಟು ಸಲೀಸಾಗಿ ಮುರಿದಳು. ಕೂಸು ಅಳಬಾರದು, ಬಸ್ಸು ತಪ್ಪಬಾರದು, ಅಷ್ಟೇ. ನನ್ನ ಬಾಯಿ ಮಾತ್ರ ಮುಚ್ಚಿರಬೇಕಿತ್ತು. ಅಜ್ಜಿಗೆ ಗೊತ್ತಿತ್ತು, ನಾನು ಕೂಗಿದರೆ ಸುನಂದ ಅತ್ತೆಯ ಕೈ ಕೊಸರಿಕೊಂಡು ನನ್ನ ಹತ್ತಿರ ಬರುತ್ತಾಳೆ ಎಂದು. ನಾನು ಕೂಗುವುದಿಲ್ಲ ಎಂದೂ ಗೊತ್ತಿತ್ತು. ಸುನಂದಳಿಗೆ ಕೆಡುಕಾದೀತೆಂದು ನಾನು ಹಲ್ಲು ಕಚ್ಚಿ ಹಿಡಿದ ಮೌನದಲ್ಲಿಯೇ ಸುನಂದಳನ್ನು ದಾಟಿಸಿದರು.

"ಪದ ಪದ, ಬಸ್ಸು ಟೈಮೈಂದಿ," ಎಂದು ಮಾವ ಅವಸರಿಸಿದ. ಅತ್ತೆ ನನ್ನ ತಲೆ ಸವರಲು ಬಂದಳು. ನಾನು ತಲೆ ಸರಿಸಿದೆ. ಲಂಗದ ನಡುವಿನಿಂದ ಕಾಯಿಗೊಂಚಲು ಕಿತ್ತು ಸುನಂದಳ ಕೈಗೆ ತುರುಕಿದೆ. ಅವಳು ಅದನ್ನು ಗಲಗಲ ಅಲ್ಲಾಡಿಸುತ್ತ, ನನ್ನ ಮೇಲಿನ ಸಿಟ್ಟನ್ನು ಮರೆತು, ಅತ್ತೆಯ ಕೈ ಹಿಡಿದು ಓಣಿಯಲ್ಲಿ ನಡೆದುಹೋದಳು. ನಾನು ಗೋದಲಿಗೆ ಹೂವು ಸಿಗಿಸಿದೆ. ಒಲೆಗೆ ಸಿಗಿಸಿದೆ. ತಿಪ್ಪೆಗೆ ಹೋಗುವ ಹೊತ್ತಿಗೆ ಊರ ಮುಂದೆ ಬಸ್ಸಿನ ಹಾರನ್ನು ಕೇಳಿಸಿತು, ನಿಂತದ್ದು ಕೇಳಿಸಿತು, ಹೊರಟದ್ದೂ ಕೇಳಿಸಿತು. ಅಜ್ಜಿ ಅದು ಪೂರಾ ಅಡಗುವ ತನಕ ಕಾದು, ಹಾಲು ಚಿಮುಕಿಸಿ,

"ಮಾತಾಡವ್ವ ಮಗಳೆ," ಎಂದಳು.

ನಾನು ಮಾತಾಡಲಿಲ್ಲ.

ಅವಳು ಇನ್ನೊಮ್ಮೆ ಹೇಳಿದಳು. ಮೂರನೇ ಸಲ ಹೇಳಿ ತಂಬಿಗೆ ಕೆಳಗಿಟ್ಟಳು. "ನನ್ನ ಮಗಳ ಬಾಳು ಒಡೆದುಹೋಗ್ತಿತ್ತು ಕಣೆ. ಅವಳತ್ತೆ ಮಗನಿಗೆ ಇನ್ನೊಂದು ಹೆಣ್ಣು ನೋಡಾಕೆ ಹತ್ತಿದ್ಲು. ಒಂದು ಕೂಸು ಮನಿಯಾಗೆ ಓಡಾಡಿದ್ರೆ ಎಲ್ಲಾರ ಬಾಯೂ ಮುಚ್ತದೆ. ಬ್ಯಾರೆಯೋರ ಮನೆಗೆ ಕೊಟ್ಟೀನಾ? ನಿಮ್ಮತ್ತೆ ಅಲ್ವೇನೆ ಅವಳು?" ಎಂದಳು. ಅವಳು ಹೇಳಿದ್ದರಲ್ಲಿ ಸುಳ್ಳಿರಲಿಲ್ಲ. ಈಗ ಅಜ್ಜಿಯ ಆ ವಯಸ್ಸಿಗೆ ಹತ್ತಿರವಾಗುತ್ತಿರುವ ನನಗೆ, ಮಗಳ ಬಾಳು ಉಳಿಸಿಕೊಳ್ಳಲು ಹೊರಟ ತಾಯಿಯ ಸಂಕಟ ಚೆನ್ನಾಗಿ ತಿಳಿಯುತ್ತದೆ. ಸುನಂದ ಆ ಮನೆಯಲ್ಲಿ ಮುದ್ದಾಗಿಯೇ ಬೆಳೆದಳು, ತೆಲುಗಿನಲ್ಲಿ ಓದಿದಳು. ಯುಗಾದಿಗೆ ನಮ್ಮ ಮನೆಗೆ ಬಂದಾಗ ಹೆತ್ತ ಅವ್ವನನ್ನೇ "ಅತ್ತಾ" ಎಂದು ಕರೆದಳು. ಅವ್ವ "ಏನಮ್ಮಾ" ಎಂದು ಓಗೊಟ್ಟು ಅಡುಗೆಕೋಣೆಗೆ ಹೋದಳು. ದೊಡ್ಡವಳಾದ ಮೇಲೆ ಒಮ್ಮೆ ಆ ಬೆಳಗಿನ ಬಗ್ಗೆ ಕೇಳಿದೆ. ಕಿಟಕಿ ಹತ್ತಿರ ಕೂತದ್ದು ಬಿಟ್ಟರೆ ತನಗೇನೂ ನೆನಪಿಲ್ಲ ಎಂದಳು. ಇದೆಲ್ಲ ಇರಲಿ. ಕೊಡುವುದಿದ್ದರೆ ನನ್ನನ್ನು ಕೂರಿಸಿಕೊಂಡು ಹೇಳಿ ಕೊಡಬಹುದಾಗಿತ್ತು. ಅತ್ತು, ಹೊರಳಾಡಿ, ಕೊನೆಗೆ ಬಸ್ಸಿನ ತನಕ ನಾನೇ ಎತ್ತಿಕೊಂಡು ಹೋಗುತ್ತಿದ್ದೆನೋ ಏನೋ. ಆ ಅವಕಾಶವನ್ನು ನನ್ನ ಭಕ್ತಿಯನ್ನೇ ಬಳಸಿ ಕಿತ್ತುಕೊಂಡರು. ನನ್ನ ಹಾಸ್ಟೆಲಿನಲ್ಲಿ ಕಟ್ಟುನಿಟ್ಟು ಬಹಳ. ಮಕ್ಕಳು ಹಿಂದಿನಿಂದ ಆಡಿಕೊಳ್ಳುತ್ತಾರೆ, ಗೊತ್ತು. ಆದರೆ ಒಬ್ಬ ಹುಡುಗಿಯನ್ನು ಬೇರೆ ಕೋಣೆಗೆ ಹಾಕುವುದಿದ್ದರೂ ಅವಳ ಪಕ್ಕದ ಹಾಸಿಗೆಯವಳನ್ನು ಮೊದಲು ಕರೆದು ಹೇಳುತ್ತೇನೆ.

ಆ ದಿನ ನಾನು ಅಡುಗೆಕೋಣೆಗೆ ಹೋದೆ. ಅವ್ವ ಗೋಡೆಗೆ ಮುಖ ಮಾಡಿ ಹೋಳಿಗೆ ತಟ್ಟುತ್ತಿದ್ದಳು. ನಾನು ಬಾಗಿಲಲ್ಲಿ ನಿಂತೇ ಇದ್ದೆ. ಅವಳು ತಿರುಗಲಿಲ್ಲ.

"ನಿನಗೆ ಹೇಳಿದ್ರೆ ನೀನು ಅಳ್ತಿದ್ದೆ. ನೀನು ಅತ್ರೆ ಅವಳು ಹೋಗ್ತಿರ್ಲಿಲ್ಲ. ಅವಳು ಹೋಗಲ್ಲ ಅಂದಿದ್ರೆ ನಾನೂ ಕಳಿಸ್ತಿರ್ಲಿಲ್ಲ," ಎಂದಳು ಅವ್ವ. ಹೆಂಚಿನ ಮೇಲಿನ ಹೋಳಿಗೆ ಮಗುಚಿ, "ಬಾ, ಬಿಸಿ ಐತೆ, ಒಂದು ತಿನ್ನು," ಎಂದಳು.

ಹೊರಗಿನಿಂದ ಅಜ್ಜಿ, "ತುಪ್ಪ ಹಾಕಿ ಕೊಡೇ, ಬೆಳಗ್ಗೆಯಿಂದ ಬರೀ ಹೊಟ್ಟೇಲೈತೆ," ಎಂದಳು.

"ನೀವು ಸುಮ್ನಿರ್ರಿ! ಎಲ್ಲಾ ನೀವು ಹೇಳ್ದಂಗೇ ಆಗೈತಲ್ಲ. ತುಪ್ಪ ಎಷ್ಟು ಹಾಕ್ಬೇಕು ಅಂತ ಅದನ್ನೂ ನೀವೇ ಹೇಳ್ಬೇಕಾ?" ಎಂದು ಅವ್ವ ಕೂಗಿದಳು. ಅವ್ವ ಅಜ್ಜಿಯ ಜೊತೆ ಅಷ್ಟು ಜೋರಾಗಿ ಜಗಳವಾಡಿದ್ದು ಅವತ್ತೊಂದೇ ಸಲ. ಆದರೆ ಅದು ಬಸ್ಸು ಹೋದ ಮೇಲಿನ ಜಗಳ. ಬಸ್ಸಿಗೆ ಮೊದಲು ಅವ್ವ ಸುನಂದಳ ಎರಡು ಜಡೆ ಹೆಣೆದಿದ್ದಳು. ನಾನು ಹೋಳಿಗೆ ಮುಟ್ಟಲಿಲ್ಲ.

ನನ್ನಲ್ಲಿ ಒಂದು ಲೆಕ್ಕ ನಡೆದಿತ್ತು. ಅಜ್ಜಿ, ಅವ್ವ, ಅತ್ತೆ, ಮಾವ, ಕಡೆಗೆ ಓಬಣ್ಣ ಕೂಡ, ಎಲ್ಲರಿಗೂ ಗೊತ್ತಿತ್ತು. ಅಪ್ಪ ಮಾತ್ರ ಅಲ್ಲಿರಲಿಲ್ಲ. ಹಬ್ಬದ ದಿನ ಎಳೆಬಿಸಿಲು ಬಿದ್ದ ಮೇಲೆ ಕುರಿ ಬಿಡುವುದು ಅಪ್ಪನ ವಾಡಿಕೆ; ಅವತ್ತು ಕತ್ತಲಲ್ಲೇ ಹೋಗಿದ್ದ, ಅಂದರೆ ಅಜ್ಜಿ ಅವನನ್ನೂ ನನ್ನ ಹಾಗೆ ಉಪಾಯವಾಗಿ ಹೊರಗೆ ಕಳಿಸಿದ್ದಾಳೆ. ಸುನಂದಳನ್ನು ಹೆಗಲ ಮೇಲೆ ಕೂರಿಸಿಕೊಂಡು ಕುರಿಮರಿ ಎಣಿಸಲು ಕಲಿಸುವ ಅಪ್ಪ ಇದಕ್ಕೆ ಒಪ್ಪುವವನೇ ಅಲ್ಲ. ಅವನು ಬರಲಿ. ನಾನು ಹೇಳುತ್ತೇನೆ. ಅವನು ಸೈಕಲ್ ಹತ್ತಿ ಹೋಗುತ್ತಾನೆ, ರಾಯದುರ್ಗವೇನು ದೂರ. ಹೀಗೆ ನಿರ್ಧರಿಸಿದ ಮೇಲೆ ನನಗೆ ಧೈರ್ಯ ಬಂತು. ಮೊದಲ ಮಾತು ಅಪ್ಪನಿಗೇ ಆಡಬೇಕೆಂದು ಬಾಯಿ ಬಿಗಿದುಕೊಂಡೇ ದಿನದ ಕೆಲಸವನ್ನೆಲ್ಲ ಮಾಡಿದೆ. ಬೋರಿಂಗಿನಿಂದ ನೀರು ತಂದೆ. ಅಂಗಳದಲ್ಲಿ ಒಣಹಾಕಿದ್ದ ಶೇಂಗಾ ತಿರುವಿದೆ. ಗೋದಲಿ ಬಳಿದೆ. ಮಧ್ಯಾಹ್ನ ಕೆರಕಗಳನ್ನು ಒಂದೊಂದಾಗಿ ಎತ್ತಿ ಮಾಳಿಗೆಯ ಮೇಲೆ ಒಣಗಲು ಸಾಲಾಗಿ ಇಟ್ಟೆ. ಬೆಳಗ್ಗೆ ಅರಳಿದ್ದ ಹೂವು ಅಷ್ಟರಲ್ಲಿ ಬಾಡಿ ಸಗಣಿಗೆ ಅಂಟಿಕೊಂಡಿತ್ತು. ಅಜ್ಜಿ ಏಣಿಯ ಬುಡದಲ್ಲಿ ನಿಂತು ನನ್ನನ್ನೇ ನೋಡುತ್ತಿದ್ದಳು.

"ಒಂದು ಮಾತಾಡೇ ನಾಗಿ. ಬೈಯಾದಿದ್ರೆ ಬೈ. ಹಬ್ಬದ ದಿನ ಹೆಣ್ಣುಮಗಳು ಹಿಂಗೆ ಬಾಯಿ ಕಟ್ಕಂಡು ತಿರುಗಬಾರದು ಕಣೆ."

ನಾನು ಇಳಿದು ಅವಳನ್ನು ದಾಟಿ ಹೋದೆ. ಗೋದಲಿಯ ಪಕ್ಕ ಒರಗಿಸಿದ್ದ ಅಪ್ಪನ ಸೈಕಲನ್ನು ಹೊರಗೆ ತಂದು ಒದ್ದೆಬಟ್ಟೆಯಿಂದ ಒರೆಸಿದೆ. ಚಕ್ರಗಳನ್ನು ಒತ್ತಿ ನೋಡಿದೆ; ಹಿಂದಿನದರಲ್ಲಿ ಗಾಳಿ ಕಡಿಮೆಯಿತ್ತು. ಓಬಣ್ಣನ ಮನೆಯಿಂದ ಪಂಪು ಸನ್ನೆಯಲ್ಲೇ ಕೇಳಿ ತಂದು, ಎರಡೂ ಕಾಲಿನಲ್ಲಿ ಅದರ ಬುಡ ಮೆಟ್ಟಿ, ಟೈರು ಕಲ್ಲಿನಂತಾಗುವ ತನಕ ಹೊಡೆದೆ. ಮುಂದಿನ ಚಕ್ರ ರಾಯದುರ್ಗದ ದಾರಿಯ ಕಡೆಗಿರುವಂತೆ ಅಂಗಳದಲ್ಲಿ ಸ್ಟ್ಯಾಂಡ್ ಹಾಕಿ ನಿಲ್ಲಿಸಿದೆ. ಅಪ್ಪ ಬಂದ ತಕ್ಷಣ ಹೊರಡಬಹುದು, ಹೊತ್ತು ಹಾಳಾಗಬಾರದು ಎಂದು ತಂಬಿಗೆಯಲ್ಲಿ ಕುಡಿಯುವ ನೀರನ್ನೂ ಕಟ್ಟೆಯ ಮೇಲೆ ಇಟ್ಟೆ.

ಹೊತ್ತು ಮುಳುಗುವ ವೇಳೆಗೆ ಗುಡ್ಡದ ಕಡೆಯಿಂದ ಧೂಳೆದ್ದಿತು. ಕುರಿಗಳು ಓಣಿ ತುಂಬ ಬಂದವು. ಅಪ್ಪ ಹೆಗಲ ಮೇಲೆ ಆಗ ತಾನೇ ಹುಟ್ಟಿದ ಒಂದು ಮರಿ ಹೊತ್ತು ಹಿಂದಿನಿಂದ ಬಂದ. ನಾನು ಅಂಗಳದ ನಡುವೆ ನಿಂತೆ. ಬೆಳಗಿನಿಂದ ಬಿಗಿಹಿಡಿದಿದ್ದ ಮಾತನ್ನು ಸಿದ್ಧ ಮಾಡಿಕೊಂಡೆ. ಅಪ್ಪ ನನ್ನನ್ನು ನೋಡಿದ. ಸೈಕಲನ್ನು ನೋಡಿದ. ಮತ್ತೆ ನನ್ನ ಕಡೆಗೆ ನೋಡಲಿಲ್ಲ. ಕಟ್ಟೆಯ ಮೇಲಿದ್ದ ತಂಬಿಗೆ ಎತ್ತಿ ನೀರು ಗಟ ಗಟ ಕುಡಿದು, ಬಾಯಿ ಒರೆಸಿಕೊಂಡು, ಬಾಗಿಲಲ್ಲಿ ಕೂತಿದ್ದ ಅಜ್ಜಿಯನ್ನು ಕೇಳಿದ.

"ಬಸ್ಸು ಹೊತ್ತಿಗೆ ಸರಿಯಾಗಿ ಬಂತೇನವ್ವ? ಕೂಸಿಗೆ ಕಿಟಕಿ ಹತ್ರ ಸೀಟು ಹಿಡಿಯಾಕೆ ಹೇಳಿದ್ದೆ ಭಾವಂಗೆ. ಹಿಡಿದ್ನಂತಾ?"

"ಹಿಡಿದ್ನಂತೆ," ಎಂದಳು ಅಜ್ಜಿ.

ಅಪ್ಪ ತಲೆಯಾಡಿಸಿ ಹೆಗಲ ಮೇಲಿನ ಮರಿಯನ್ನು ಇಳಿಸಿದ. ಅದು ಕಾಲು ಊರಲಾಗದೆ ನನ್ನ ಪಾದದ ಮೇಲೆ ಬಿತ್ತು. ನಾನು ಅದನ್ನು ಎತ್ತಿಕೊಂಡು ಹೋಗಿ ಅದರ ತಾಯಿಯ ಕೆಚ್ಚಲಿಗೆ ಬಾಯಿ ಹಚ್ಚಿಸಿದೆ. ಹಿಂದೆ ಉಳಿದ ಕುರಿಗಳನ್ನು ಒಳಗೆ ನೂಕಿದೆ. ತಿರುಗಿ ಬಂದು ಸೈಕಲಿನ ಸ್ಟ್ಯಾಂಡ್ ತೆಗೆದು, ತಳ್ಳಿಕೊಂಡು ಹೋಗಿ ಗೋದಲಿಯ ಪಕ್ಕ ಇದ್ದ ಜಾಗದಲ್ಲೇ ಒರಗಿಸಿದೆ. ಕೊನೆಗೆ ರೊಪ್ಪದ ಬಾಯಿಗೆ ಮುಳ್ಳಿನ ತಡಿಕೆಯನ್ನು ಎಳೆದು, ಸಂದು ಉಳಿಯದಂತೆ ಕಲ್ಲು ಒತ್ತಿಟ್ಟು, ಕೈ ತೊಳೆದುಕೊಂಡೆ.